ಗಗನಕ್ಕೇರುವ ಬೆಲೆ

'ಗಗನಕ್ಕೇರು' ಎಂದರೆ ಏಕಾಏಕಿ, ಊಹೆ ಮೀರಿ ಮೇಲೇರುವುದು. ಗಗನ ಸಂಸ್ಕೃತದ್ದು, ಏರು ಅಚ್ಚಗನ್ನಡ. ಈ ಮಾತು ಹೆಚ್ಚಾಗಿ ಅಂಟಿಕೊಂಡಿರುವುದು ಬೆಲೆಗೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಎಷ್ಟೋ ಮನೆಗಳ ಸಾರಿಗೆ ಹುಣಸೆಹಣ್ಣೇ ಗತಿಯಾಯಿತು. ಅಂಥ ಏರಿಕೆಗೆ ಈ ಮಾತು ಸರಿ. ವರ್ಷಕ್ಕಿಷ್ಟು ಎಂದು ಮೆಲ್ಲಗೆ ಹೆಚ್ಚುವ ಬಾಡಿಗೆಗೆ 'ಏರಿದೆ' ಎಂದರೆ ಸಾಕು. ಪತ್ರಿಕೆಯ ತಲೆಬರಹಗಳು ಮಾತ್ರ ಎರಡು ರೂಪಾಯಿ ಹೆಚ್ಚಿದರೂ ಗಗನಕ್ಕೇ ಕೈಹಾಕುತ್ತವೆ. ಸಂಭ್ರಮಕ್ಕೆ ಮಾತು ಬೇರೆ: ಅದು ಮುಗಿಲು ಮುಟ್ಟುತ್ತದೆ. ವಿಚಿತ್ರವೆಂದರೆ, ಸಾವಿನ ಮನೆಯ ಆಕ್ರಂದನವೂ ಮುಟ್ಟುವುದು ಅದೇ ಮುಗಿಲನ್ನೇ. ಇನ್ನು ಬೆಲೆ ಬಿದ್ದರೆ 'ಪಾತಾಳಕ್ಕಿಳಿಯಿತು' ಎನ್ನುವುದುಂಟು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ಬೆಳೆಗಾರರು ಅದನ್ನೂ ಕಂಡರು.