ಆಕಾಶದ ಮಾತು



1971ರ ಡಿಸೆಂಬರ್. ದಾವಣಗೆರೆ ಬಳಿಯ ಕುಕ್ಕುವಾಡದ ನಮ್ಮ ಮನೆಯಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. ಅದರ ಏರಿಯಲ್ ತಂತಿ ಮಾಳಿಗೆಯಿಂದ ಹಿತ್ತಲ ತೆಂಗಿನಮರದವರೆಗೆ ಹಾದಿತ್ತು. ಸೋದರಮಾವ ಸೈನ್ಯದಲ್ಲಿದ್ದರು, ಅವರ ಕಾಗದ ಬಂದು ತಿಂಗಳು ಕಳೆದಿತ್ತು. ದೆಹಲಿಯ ಕನ್ನಡ ವಾರ್ತೆಯನ್ನು ಹ್ರಸ್ವ ತರಂಗದಲ್ಲಿ ಹಿಡಿದುಕೊಡುವ ಕೆಲಸ ಹುಡುಗನಾದ ನನ್ನದು. ಮುಳ್ಳು ಕೂದಲೆಳೆಯಷ್ಟು ಸರಿದರೆ ಸಾಕು, ಮಾತು ಹೋಗಿ ಸಿಳ್ಳು ಬರುತ್ತಿತ್ತು.

ಈ ತರಂಗಗಳನ್ನು ಮೊದಮೊದಲು ಕೆಲಸಕ್ಕೆ ಬಾರದವೆಂದು ಹವ್ಯಾಸಿಗಳ ಪಾಲಿಗೆ ಬಿಟ್ಟಿದ್ದರು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಫ್ರಾಂಕ್ ಕಾನ್ರಾಡ್ ಅವುಗಳ ಬೆನ್ನುಹತ್ತಿದರು. 1920ರ ನವೆಂಬರ್ 2ರಂದು ಚುನಾವಣೆಯ ಫಲಿತಾಂಶ ಸಾರಿ ಆರಂಭವಾದ ಅಲ್ಲಿನ ಕೆಡಿಕೆಎ ನಿಲಯದ ಕಾರ್ಯಕ್ರಮಗಳು 1923ರ ಹೊತ್ತಿಗೆ ಹ್ರಸ್ವ ತರಂಗದ ಮೂಲಕ ಅಟ್ಲಾಂಟಿಕ್ ದಾಟಿದವು. ನೆಲವನ್ನು ಹಿಡಿದು ಹೋಗುವ ತರಂಗ ಬೇಗ ಸೊರಗುತ್ತದೆ. ಇದಾದರೋ ಮೇಲಿನ ಅಯಾನುಮಂಡಲಕ್ಕೆ ತಾಗಿ ಮರಳಿ ಭೂಮಿಗೆ ಇಳಿಯುತ್ತದೆ. ಆ ಮಂಡಲ ಹಗಲಿರುಳು ಬದಲಾಗುವುದರಿಂದಲೇ ಧ್ವನಿಯ ಏರಿಳಿತ.

ನಮ್ಮಲ್ಲಿಯೂ ಇಂಥ ಹುಚ್ಚಿನವರೊಬ್ಬರಿದ್ದರು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಸ್ವಂತ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಮೇಷ್ಟರ ಸಂಬಳ ಎಷ್ಟೆಂಬುದನ್ನು ಬಲ್ಲ ನನಗೆ ಆ ಧೈರ್ಯವೇ ದೊಡ್ಡದಾಗಿ ಕಾಣುತ್ತದೆ. ನಿಲಯ ಮುಂದೆ ನಗರಸಭೆಗೆ, ಆಮೇಲೆ ಸಂಸ್ಥಾನದ ಸರ್ಕಾರಕ್ಕೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಅದಕ್ಕಿಟ್ಟಿದ್ದ ‘ಆಕಾಶವಾಣಿ’ ಎಂಬ ಹೆಸರು ದೇಶದ ರೇಡಿಯೋಗೆಲ್ಲ ಹೆಸರಾಯಿತು. ಪುರಾಣದಲ್ಲಿ ಅಶರೀರವಾಣಿ ಕೇಳಿಸಿದ್ದು ಕಂಸನಂಥ ಅರಸರಿಗೆ. ಇದು ನಮ್ಮ ಅಜ್ಜಿಗೂ ಕೇಳಿಸಿತು.

ಡಿಸೆಂಬರ್ 16ರ ರಾತ್ರಿ ಢಾಕಾದಲ್ಲಿ ಪಾಕ್ ಸೇನೆ ಶರಣಾದ ಸುದ್ದಿ ಬಂತು. ಪಡಸಾಲೆಯಲ್ಲಿ ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಧ್ವನಿ ಕ್ಷೀಣಿಸಿ ಸಮುದ್ರದ ಮೊರೆತದಂಥ ಸದ್ದೊಂದೇ ಉಳಿಯಿತು. ಅಜ್ಜಿ ನನ್ನ ತೋಳು ಹಿಡಿದು, “ನಮ್ಮ ಹುಡುಗನ ಹೆಸ್ರು ಹೇಳಿದ್ರೇನಪ್ಪಾ?” ಎಂದಳು. ಇಲ್ಲವೆನ್ನಲಾರದೆ, “ಇನ್ನೂ ಓದ್ತಾ ಇದಾರಜ್ಜಿ” ಎಂದು ಮುಳ್ಳನ್ನು ತಿರುಗಿಸುತ್ತಲೇ ಇದ್ದೆ. ಮಾವನ ಕಾಗದ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೂ ದಿನಾ ಸಂಜೆ ಅಜ್ಜಿ ರೇಡಿಯೋದ ಮುಂದೆ ದೀಪ ಹಚ್ಚಿಟ್ಟು ಕೂರುತ್ತಿದ್ದಳು.