ಮೊದಲ ಯೆಜ್ಡಿ

ಹುಬ್ಬಳ್ಳಿಯ ಹುಡುಗರಿಗೆ ಈಗ ಹಳೇ ಯೆಜ್ಡಿ ಬೈಕಿನ ಹುಚ್ಚು. ಹುಚ್ಚು ಒಳ್ಳೆಯದೇ, ಅದು ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಸತೊಡಗಿತು, 1973ರ ಹೊತ್ತಿಗೆ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಅಂದರೆ ಆ ಕಾಲದ ಗಾಡಿಗಳಲ್ಲಿ ಅತ್ಯಂತ ಎಳೆಯದಕ್ಕೂ ಮೂವತ್ತರ ಹತ್ತಿರ ವಯಸ್ಸು.

ಕೊಳ್ಳಲು ಹೋದವರು ಮೊದಲು ಬಣ್ಣ ನೋಡುತ್ತಾರೆ. ಮಿಸ್ತ್ರಿ ನೋಡುವುದೇ ಬೇರೆ. "ತಮ್ಮಾ, ನಾವು ಬರೋಮಟ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಮಾರೋರಿಗೆ ಹೇಳು" ಎನ್ನುತ್ತಾನೆ. ಬಿಸಿ ಎಂಜಿನ್ ಯಾರು ಒದ್ದರೂ ಏಳುತ್ತದೆ. ತಣ್ಣಗಿರುವಾಗ ಎಷ್ಟನೇ ಕಿಕ್ಕಿಗೆ ಎದ್ದಿತು ಎಂಬುದರಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ಕಿಕ್ಕಿಗೂ ಗೇರಿಗೂ ಅಲ್ಲಿ ಒಂದೇ ಪೆಡಲ್. ಅದು ಸಡಿಲಾಗಿ ಅಲ್ಲಾಡಿದರೆ ಖರ್ಚು ಕಾದಿದೆ ಎಂದೇ ಅರ್ಥ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಗೋಕುಲ ರಸ್ತೆಯ ಸಪಾಟಿನಲ್ಲಿ ಓಡಿಸಿ ಖುಷಿಪಟ್ಟರೆ ಸಾಲದು, ಧಾರವಾಡದ ಕಡೆಯ ಏರು ಹತ್ತಿಸಿ. (ಹೊಗೆ ನೋಡಿ ಗಾಬರಿ ಬೇಡ. ಟೂ ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿನ ಜೊತೆ ಎಣ್ಣೆ ಉರಿಯಲೇಬೇಕು.)

ಬಿಡಿಭಾಗ ಹುಡುಕಿದರೆ ಸಿಕ್ಕಾವು, ಕಾಗದ ಸಿಗುವುದಿಲ್ಲ. ಎಂಜಿನ್, ಚಾಸಿ ನಂಬರುಗಳು ಆರ್‌ಸಿಯೊಂದಿಗೆ ತಾಳೆಯಾಗಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗಿರಬೇಕು. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆರ್‌ಸಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.