ಕೊಟ್ಟಿಗೆಯ ಕೆಮ್ಮು

ಹಂದಿಯ ಮಾತೆತ್ತಿದರೆ ಸಭ್ಯರು ಮುಖ ತಿರುಗಿಸುವುದು ವಾಡಿಕೆ. ವರಾಹಸ್ವಾಮಿಗೆ ಗುಡಿ ಕಟ್ಟಿದ, ಚಿನ್ನದ ನಾಣ್ಯಕ್ಕೇ ವರಾಹವೆಂದು ಹೆಸರಿಟ್ಟ ನಾಡು ನಮ್ಮದು. ಆದರೂ ಕೊಟ್ಟಿಗೆಯ ಹಂದಿಯ ಯೋಗಕ್ಷೇಮವನ್ನು ಕೇಳುವವರಿಲ್ಲ. ಪಶುವೈದ್ಯವನ್ನು ಕಲಿತು, ಬಹುಕಾಲ ಕಲಿಸಿದ ನಾನು ಇಂದು ಆ ಪ್ರಾಣಿಯ ಕೆಮ್ಮಿನ ಸಂಗತಿಯೊಂದನ್ನು ತಮ್ಮ ಮುಂದಿಡಬಯಸುತ್ತೇನೆ. ಇದು ನಡೆದದ್ದು ಮಲೇಷ್ಯಾದಲ್ಲಿ.

೧೯೯೮ರ ಸೆಪ್ಟೆಂಬರ್ ಸುಮಾರಿಗೆ ಅಲ್ಲಿನ ಇಪೋ ನಗರದ ಸುತ್ತಲಿನ ಹಂದಿಸಾಕಣೆಗಾರರಲ್ಲಿ ಜ್ವರ, ತಲೆನೋವು, ಎಚ್ಚರ ತಪ್ಪುವಿಕೆಗಳು ಕಾಣಿಸಿಕೊಂಡವು. ಕೆಲವರ ರಕ್ತದಲ್ಲಿ ಜಪಾನಿ ಮಿದುಳುಜ್ವರದ ಕುರುಹು ಸಿಕ್ಕಿತು. ಆ ರೋಗ ಹಂದಿಯಿಂದ ಸೊಳ್ಳೆಯ ಮೂಲಕ ಮನುಷ್ಯನಿಗೆ ಬರತಕ್ಕದ್ದು. ಸರಿ, ಸೊಳ್ಳೆಗೆ ಹೊಗೆ ಹಾಕಿದರು. ಜನರಿಗೆ ಲಸಿಕೆ ಚುಚ್ಚಿದರು. ಸಾವು ನಿಲ್ಲಲಿಲ್ಲ.

ಸೊಳ್ಳೆಗೆ ಇವರ ಮನೆ, ಅವರ ಮನೆ ಎಂಬ ಭೇದವುಂಟೆ? ಜಪಾನಿ ಜ್ವರ ಹೆಚ್ಚಾಗಿ ಮಕ್ಕಳನ್ನು ಹಿಡಿಯುವಂಥದು. ಇಲ್ಲಿ ಮಲಗಿದವರಲ್ಲಿ ಬಹುಪಾಲು ಹಂದಿಗಳ ನಡುವೆ ದುಡಿಯುವ ವಯಸ್ಕ ಗಂಡಸರು. ಹತ್ತಿರದಲ್ಲೇ ವಾಸವಾಗಿದ್ದು ಹಂದಿಯನ್ನು ಮುಟ್ಟದವರಿಗೆ ಏನೂ ಆಗಲಿಲ್ಲ. ಲಸಿಕೆ ಪಡೆದವರೂ ಕಾಯಿಲೆ ಬಿದ್ದರು. ಮೇಲಾಗಿ, ಜಪಾನಿ ಜ್ವರದ ವೈರಾಣುವನ್ನು ಹೊತ್ತ ಬೆಳೆದ ಹಂದಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ. ಇಲ್ಲಿಯ ಹಂದಿಗಳೋ, ನಾಯಿ ಬೊಗಳಿದಂತೆ ಕೆಮ್ಮುತ್ತಿದ್ದವು. ಇಷ್ಟಾದರೂ ತಿಂಗಳುಗಟ್ಟಲೆ ಸೊಳ್ಳೆಯೇ ಅಪರಾಧಿಯಾಗಿ ಉಳಿಯಿತು. ನಾನು ಅಲ್ಲಿದ್ದಿದ್ದರೂ ಪುಸ್ತಕವನ್ನೇ ನಂಬಿ ಸೊಳ್ಳೆಯನ್ನೇ ದೂರುತ್ತಿದ್ದೆನೇನೋ. ಆದಕಾರಣ ಆಕ್ಷೇಪಿಸಲು ನಾಲಗೆ ಏಳುವುದಿಲ್ಲ.

೧೯೯೯ರ ಮಾರ್ಚಿನಲ್ಲಿ ಮಲಯ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಅವರು ರೋಗಿಯೊಬ್ಬನಿಂದ ಪಡೆದ ದ್ರವದಲ್ಲಿ ಹೊಸದೊಂದು ವೈರಾಣುವನ್ನು ಕಂಡರು. ರೋಗಿಯ ಹಳ್ಳಿ ಸುಂಗೈ ನಿಪಾ. ಸುಂಗೈ ಎಂದರೆ ಮಲಯ ಭಾಷೆಯಲ್ಲಿ ಹೊಳೆ. ನಿಪಾ ಎಂಬುದು ನೀರಂಚಿನಲ್ಲಿ ಬೆಳೆಯುವ ಒಂದು ಜಾತಿಯ ತಾಳೆ. ಅಂಥ ಚೆಂದದ ಹೆಸರು ರೋಗಕ್ಕೆ ಅಂಟಿತು.

ಈ ವೈರಾಣುವಿನ ತವರು ಹಣ್ಣು ತಿನ್ನುವ ದೊಡ್ಡ ಬಾವಲಿ. ಇಪೋ ಬಳಿ ಹಂದಿಯ ಕೊಟ್ಟಿಗೆಗಳ ಪಕ್ಕದಲ್ಲೇ ಮಾವಿನ ತೋಪುಗಳಿದ್ದವು. ಬಾವಲಿ ಕಚ್ಚಿ ಬಿಟ್ಟ ಹಣ್ಣು ಕೊಟ್ಟಿಗೆಗೆ ಬಿದ್ದು, ಅದನ್ನು ಹಂದಿ ತಿಂದಿರಬೇಕೆಂದು ತಜ್ಞರು ಊಹಿಸುತ್ತಾರೆ. ಅಲ್ಲಿಂದ ಮುಂದಿನ ದಾರಿ ಸುಲಭ. ಹಂದಿ ಲೋಕವನ್ನು ಅರಿಯುವುದು ಮೂತಿಯಿಂದ. ನೆರೆಯ ಹಂದಿಯನ್ನು ಮಾತನಾಡಿಸುವುದೂ ಮೂತಿಯಿಂದಲೇ. ಇಕ್ಕಟ್ಟಿನಲ್ಲಿ ಒಂದರ ಉಸಿರು ಇನ್ನೊಂದಕ್ಕೆ. ಹಿಂಡಿಗೆ ಹಿಂಡೇ ಸೋಂಕಿಗೆ ಒಳಗಾದರೂ ಸಾಯುತ್ತಿದ್ದುದು ನೂರಕ್ಕೆ ಐದಕ್ಕಿಂತ ಕಡಿಮೆ. ಅಷ್ಟಕ್ಕೆ ಯಾವ ಒಡೆಯ ಬೆದರಿಯಾನು?

ಸಣ್ಣ ಹಿಂಡಾದರೆ ವೈರಾಣು ಎಲ್ಲವನ್ನೂ ಒಮ್ಮೆ ಮುಟ್ಟಿ, ಉಳಿದವು ನಿರೋಧಶಕ್ತಿ ಪಡೆದು, ಅದಕ್ಕೆ ಹೊಸ ಆಸರೆ ಸಿಗದೆ ಅಳಿದುಹೋಗುತ್ತದೆ. ಆದರೆ ರೋಗ ಮೊದಲು ತಲೆಯೆತ್ತಿದ ಸಾಕಣೆಕೇಂದ್ರದಲ್ಲಿದ್ದವು ೩೦,೦೦೦ಕ್ಕೂ ಹೆಚ್ಚು ಹಂದಿಗಳು. ಮೊದಲ ಸಲ ಬಂದ ಸೋಂಕು ಅಲ್ಲಿಯೂ ಆರಿತು. ಮತ್ತೊಮ್ಮೆ ಬಂದದ್ದು ಬೇರೂರಿತು ಎಂಬುದು ಅನಂತರದ ಸಂಶೋಧಕರ ನಿರ್ಣಯ. ಕಾರಣ ವಿಚಿತ್ರವಾದದ್ದು. ಬದುಕುಳಿದ ತಾಯಿಹಂದಿ ಮೊದಲ ಹಾಲಿನಲ್ಲಿ ಮರಿಗೆ ರಕ್ಷೆ ನೀಡುತ್ತದೆ. ಕೆಲ ಕಾಲಕ್ಕೆ ಆ ರಕ್ಷೆ ಕರಗುತ್ತದೆ. ಹೀಗೆ ದಿನದಿನವೂ ಒಂದಿಷ್ಟು ಮರಿಗಳು ವೈರಾಣುವಿಗೆ ಸರದಿಯಂತೆ ಒದಗುತ್ತಾ, ಬೆಂಕಿ ಒಮ್ಮೆಗೇ ಉರಿದು ಆರದೆ ಬೂದಿಯಡಿ ಕನಲುತ್ತಿತ್ತು.

ಆಮೇಲಿನದು ಮನುಷ್ಯನ ಕೆಲಸ. ಹೆದರಿದ ಸಾಕಣೆಗಾರರು ಹಂದಿಗಳನ್ನು ಸಿಕ್ಕ ಬೆಲೆಗೆ ಮಾರಿದರು. ಸಾಲ ತಂದು ಸಾಕಿದವನು ಇನ್ನೇನು ಮಾಡಿಯಾನು? ಲಾರಿಗಳು ದಕ್ಷಿಣದ ನೆಗೆರಿ ಸೆಂಬಿಲಾನ್ ರಾಜ್ಯಕ್ಕೆ ಹೋದವು, ರೋಗವೂ ಹೋಯಿತು. ಸುಂಗೈ ನಿಪಾ ಇದ್ದದ್ದು ಆ ರಾಜ್ಯದಲ್ಲಿಯೇ. ಮಾರ್ಚಿನಲ್ಲಿ ಸಿಂಗಪುರದ ಕಸಾಯಿಖಾನೆಯೊಂದರ ೧೧ ಮಂದಿ ಕೆಲಸಗಾರರು ಕಾಯಿಲೆ ಬಿದ್ದರು, ಒಬ್ಬ ತೀರಿಕೊಂಡ. ಅವರು ಮಲೇಷ್ಯಾದಿಂದ ಬಂದ ಹಂದಿಗಳನ್ನು ಮುಟ್ಟಿದ್ದರು, ಅಷ್ಟೆ.

ಮಲೇಷ್ಯಾದಲ್ಲಿ ೨೬೫ ಮಂದಿಗೆ ರೋಗ ತಗಲಿ, ೧೦೫ ಮಂದಿ ಸತ್ತರು. ಕೊನೆಗೆ ಸೈನಿಕರು ಬಂದರು. ೧೦ ಲಕ್ಷಕ್ಕೂ ಮೀರಿದ ಹಂದಿಗಳನ್ನು ಕೊಂದು ಹೂಳಲಾಯಿತು. ಕೆಮ್ಮುತ್ತಿದ್ದವನ್ನೂ, ಕೆಮ್ಮದೆ ಇದ್ದವನ್ನೂ.